ಜಲಶೀತಲ ಗಣಕಶಾಲೆಯ ಸ್ಥಳವಿಚಾರ



ಹಾನಗಲ್ಲ ಸೀಮೆಯು ಕೆರೆಗಳ ಸೀಮೆಯೆಂಬದು ಇಲ್ಲಿಯ ಬಾಲಕರಿಗೂ ತಿಳಿದ ಸಂಗತಿಯಾಗಿದೆ. ಶಾಸನಗಳಲ್ಲಿ ಪಾನುಂಗಲ್ಲೆಂದು ಕರೆಯಿಸಿಕೊಂಡ ಈ ಪಟ್ಟಣದ ಮಗ್ಗುಲಲ್ಲಿ ಆನಿಕೆರೆಯು ಇರುವದು. ಧರ್ಮಾ ನದಿಯ ನೀರು ಕಾಲುವೆಗಳಲ್ಲಿ ಹರಿದು ಬತ್ತದ ಗದ್ದೆಗಳನ್ನು ನೆನೆಸುವದು. ವರದೆಯು ಈ ಭಾಗವನ್ನು ಹಾಯ್ದು ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುವದು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯು ನೆಲೆಸಿರುವದು. ಇಂಥ ನಾಡಿನ ಹಿರಿಯರು ಯಾವ ದೊಡ್ಡ ಕೆಲಸಕ್ಕೆ ಕೈಹಾಕುವಾಗಲೂ ಎರಡು ಪ್ರಶ್ನೆಗಳನ್ನು ಮೊದಲು ಕೇಳುತ್ತಿದ್ದರು: ನೀರು ಎಲ್ಲಿಂದ ಬರುವದು? ಬಂದ ನೀರು ಎತ್ತ ಹೋಗುವದು? ಈ ಎರಡು ಪ್ರಶ್ನೆಗಳು ಕೆರೆಯ ಏರಿಯ ಮೇಲೆಯೇ ಮುಗಿದುಹೋಗಲಿಲ್ಲ. ಇಂದಿನ ಅತಿ ನೂತನ ಯಂತ್ರಗಳಾದ ಗಣಕಯಂತ್ರಗಳನ್ನು ಇರಿಸುವ ಶಾಲೆಯನ್ನು ಕಟ್ಟುವವನೂ ಇವೇ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿದೆ. ಅದು ಹೇಗೆಂಬದೇ ಇಂದಿನ ಉಪನ್ಯಾಸದ ವಿಷಯವು.

ಮೊದಲು ಈ ಯಂತ್ರಶಾಲೆಯೆಂದರೇನೆಂಬದನ್ನು ತಿಳಿಯತಕ್ಕದ್ದು. ಕರ್ನಾಟಕದಲ್ಲಿ 2000ನೆಯ ಇಸವಿಯ ಸುಮಾರಿಗೆ ಭೂಮಿ ಯೋಜನೆಯ ಮೂಲಕ ರೈತರ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಅಂದಿನಿಂದ ಹೊಲದ ಉತಾರವೆಂಬದು ಚಾವಡಿಯ ಬಸ್ತೆಯಲ್ಲಿ ಕಟ್ಟಿಟ್ಟ ಕಾಗದವಾಗಿ ಉಳಿಯದೆ, ದೂರದ ಯಾವದೋ ಕೋಣೆಯಲ್ಲಿರುವ ಯಂತ್ರದ ನೆನಪಿನಲ್ಲಿ ನೆಲೆಸಿರುವದು. ಬ್ಯಾಂಕಿನ ಲೆಕ್ಕ, ಪಡಿತರದ ಚೀಟಿ, ಪರೀಕ್ಷೆಯ ಅಂಕಪಟ್ಟಿ, ಫೋನಿನಲ್ಲಿ ಕಳಿಸಿದ ಭಾವಚಿತ್ರ ಇವೆಲ್ಲವೂ ಅಂಥ ಕೋಣೆಗಳಲ್ಲಿಯೇ ಇರುತ್ತವೆ. ಈ ಯಂತ್ರಗಳಿಗೆ ಸರ್ವರು ಎಂದು ಹೆಸರು. ಅಟ್ಟಣಿಗೆಯಂಥ ಕಬ್ಬಿಣದ ಚೌಕಟ್ಟಿನಲ್ಲಿ ಅವನ್ನು ಒಂದರ ಮೇಲೊಂದು ಜೋಡಿಸುವರು. ಆ ಚೌಕಟ್ಟಿಗೆ ರ‍್ಯಾಕು ಎನ್ನುವರು. ಇಂಥ ನೂರಾರು ರ‍್ಯಾಕುಗಳಿರುವ ಮನೆಯೇ ಡೇಟಾ ಸೆಂಟರು.

ಸರ್ವರಿಗೆ ಹೋಗುವ ವಿದ್ಯುಚ್ಛಕ್ತಿಯು ಎಲ್ಲಿ ಅಡಗುವದು? ಗಿರಣಿಗೆ ಹೋದ ಶಕ್ತಿಯು ಹಿಟ್ಟನ್ನು ಬೀಸುವದು. ಪಂಪಿಗೆ ಹೋದ ಶಕ್ತಿಯು ನೀರನ್ನು ಮೇಲಕ್ಕೆ ಎತ್ತುವದು. ಸರ್ವರಿಗೆ ಹೋದ ಶಕ್ತಿಯಾದರೋ ಲೆಕ್ಕವನ್ನು ಮಾಡಿ ಮುಗಿಸಿ ಬಹುತೇಕ ಎಲ್ಲವೂ ಕಾವಾಗಿಯೇ ಹೊರಬೀಳುವದು. ನಾಲ್ವತ್ತು ಕಿಲೋವಾಟ್ ಶಕ್ತಿಯನ್ನು ಉಣ್ಣುವ ಒಂದು ರ‍್ಯಾಕು, ಒಂದೊಂದು ಕಿಲೋವಾಟಿನ ನಾಲ್ವತ್ತು ವಿದ್ಯುತ್ ಒಲೆಗಳನ್ನು ಒಂದು ಕಪಾಟಿನಲ್ಲಿ ಇಟ್ಟು ಹಗಲಿರುಳು ಉರಿಸಿದಂತೆ ಇರುವದು. ಈ ಕಾವನ್ನು ಕ್ಷಣಕ್ಷಣಕ್ಕೂ ಹೊರಗೆ ಸಾಗಿಸದಿದ್ದರೆ ಯಂತ್ರವು ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವದು ಇಲ್ಲವೆ ಕೆಡುವದು.

ಕಾವನ್ನು ಹೊರುವ ಎತ್ತುಗಳು ಎರಡು: ಒಂದು ಗಾಳಿ, ಇನ್ನೊಂದು ನೀರು. ಗಾಳಿಯು ಬಡ ಎತ್ತು. ನೀರು ಬಲವಾದ ಎತ್ತು. ಮೇಲೆ ಹೇಳಿದ ನಾಲ್ವತ್ತು ಕಿಲೋವಾಟಿನ ಕಾವನ್ನು ಹತ್ತು ಡಿಗ್ರಿಯ ಏರಿಕೆಯಲ್ಲಿ ಗಾಳಿಯ ಮೂಲಕ ಸಾಗಿಸಬೇಕಾದರೆ ನಿಮಿಷಕ್ಕೆ ಸುಮಾರು 200 ಘನಮೀಟರ್ ಗಾಳಿಯನ್ನು ಬೀಸಬೇಕು. ನೀರಿನ ಮೂಲಕವಾದರೆ ನಿಮಿಷಕ್ಕೆ ಸುಮಾರು 57 ಲೀಟರ್ ಸಾಕು, ಅಂದರೆ ಮೂರು ನಾಲ್ಕು ಕೊಡಗಳು. ಪ್ರಮಾಣಕ್ಕೆ ಪ್ರಮಾಣವನ್ನು ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಕಾವನ್ನು ಹೊರುವದು. ಆದುದರಿಂದ ರ‍್ಯಾಕುಗಳು ದಟ್ಟವಾದಂತೆಲ್ಲ ಯಂತ್ರಶಿಲ್ಪಿಗಳು ಗಾಳಿಯನ್ನು ಬಿಟ್ಟು ನೀರಿನ ಕಡೆಗೆ ತಿರುಗಿರುವರು.

ಇದು ಕೇವಲ ಇಂದಿನ ಯುಕ್ತಿಯೂ ಅಲ್ಲ. ಐಬಿಎಂ ಕಂಪನಿಯು 1980ರಲ್ಲಿ ಪ್ರಕಟಿಸಿದ 3081 ಎಂಬ ಯಂತ್ರದಲ್ಲಿ ಆಗಲೇ ನೀರಿನಿಂದ ತಂಪಿಡುವ ಏರ್ಪಾಡಿತ್ತು. ಆಮೇಲೆ ಕಡಿಮೆ ಕಾವಿನ ಚಿಪ್ಪುಗಳು ಬಂದು ಕೆಲವು ಕಾಲ ಗಾಳಿಯೇ ಸಾಕಾಯಿತು. ಚಿಪ್ಪುಗಳು ಮತ್ತೆ ಬಿಸಿಯಾದಾಗ ನೀರು ಮರಳಿ ಬಂದಿತು. 2010ರಲ್ಲಿ ಸ್ವಿಟ್ಜರ್ಲೆಂಡದ ಜೂರಿಕ್ ವಿದ್ಯಾಪೀಠದಲ್ಲಿ ಅಕ್ವಾಸಾರ್ ಎಂಬ ಯಂತ್ರವನ್ನು ತಣ್ಣೀರಿನಿಂದಲ್ಲ, ಬಿಸಿನೀರಿನಿಂದಲೇ ತಂಪಿಟ್ಟು, ಅದು ಹೊತ್ತು ತಂದ ಕಾವಿನಿಂದ ಚಳಿಯಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಕೆಲಸವನ್ನು ಮಾಡಿದರು. ಬಿಸಿನೀರಿನಿಂದ ತಂಪಿಡುವದೆಂದರೆ ಕೇಳಿದವರಿಗೆ ಒಗಟಿನಂತೆ ತೋರಬಹುದು. ಆದರೆ ಚಿಪ್ಪು ಎಪ್ಪತ್ತು ಎಂಬತ್ತು ಡಿಗ್ರಿಯಲ್ಲಿರುವಾಗ ನಾಲ್ವತ್ತು ಡಿಗ್ರಿಯ ನೀರು ಅದರ ಪಾಲಿಗೆ ತಂಪೇ ಅಲ್ಲವೆ?

ಕನ್ನಡನಾಡಿನಲ್ಲಿ ಇದರ ಒಳ್ಳೆಯ ನಿದರ್ಶನವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇರುವದು. ಭಾರತ ಸರಕಾರವು 2015ರಲ್ಲಿ ಒಪ್ಪಿದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಮೇರೆಗೆ, 2022ರಲ್ಲಿ ಅಲ್ಲಿ ಪರಮ್ ಪ್ರವೇಗ ಎಂಬ ಮಹಾಗಣಕವು ಸ್ಥಾಪನೆಗೊಂಡಿತು. ಅದರ ಗರಿಷ್ಠ ವೇಗವು 3.3 ಪೆಟಾಫ್ಲಾಪ್, ಅಂದರೆ ಒಂದು ಸೆಕೆಂಡಿನಲ್ಲಿ 3.3 ಸಾವಿರ ಲಕ್ಷ ಕೋಟಿ ಲೆಕ್ಕಗಳು. ಅದರಲ್ಲಿ ಲೆಕ್ಕ ಮಾಡುವ ಘಟಕಗಳು 624. ಪುಣೆಯಲ್ಲಿ ಕೇಂದ್ರಸ್ಥಾನವುಳ್ಳ ಸಿ-ಡ್ಯಾಕ್ ಸಂಸ್ಥೆಯು ಇದನ್ನು ನಿಲ್ಲಿಸಿತು. ಇದರ ರ‍್ಯಾಕುಗಳು ಚಿಪ್ಪಿನ ಬೆನ್ನಿಗೇ ನೀರಿನ ತಟ್ಟೆಯನ್ನು ಅಂಟಿಸಿ ಕಾವನ್ನು ಹೀರುವ ಜಾತಿಯವು. ಬೆಚ್ಚಗಿನ ನೀರಿನಿಂದಲೂ ಅವು ನಡೆಯಬಲ್ಲವು. ಹವಾಮಾನ, ಔಷಧ, ಲೋಹ, ಜೀವಶಾಸ್ತ್ರಗಳ ಸಂಶೋಧಕರಿಗೆ ಇದು ಉಪಯೋಗಕ್ಕೆ ಬರುವದು. ಮಳೆಯ ಮುನ್ಸೂಚನೆಯ ಲೆಕ್ಕವೂ ಇಂಥ ಮಹಾಯಂತ್ರಗಳ ಮೇಲೆಯೇ ನಡೆಯುವದರಿಂದ, ಹಾನಗಲ್ಲಿನ ಒಕ್ಕಲಿಗನಿಗೂ ಇವುಗಳಿಗೂ ಸಂಬಂಧವಿಲ್ಲವೆನ್ನುವಂತಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರತಕ್ಕದ್ದು. ನೀರಿನಿಂದ ತಂಪಾಗುವ ಯಂತ್ರವೆಂದಕೂಡಲೆ ಜನರು, ಇದು ಕೆರೆಯನ್ನೇ ಕುಡಿದುಬಿಡುವದೆಂದು ಅಂಜುವರು. ಯಂತ್ರವನ್ನು ಮಾರುವವರು, ಇದರಲ್ಲಿ ನೀರು ಸುತ್ತಿ ಸುತ್ತಿ ಬರುವದೇ ಹೊರತು ಖರ್ಚಾಗುವದಿಲ್ಲವೆಂದು ಹೇಳುವರು. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿರುವದು. ಏಕೆಂದರೆ ಈ ಶಾಲೆಯಲ್ಲಿ ನೀರು ಒಂದಲ್ಲ, ಎರಡು. ಒಳಗಿನ ನೀರೇ ಬೇರೆ. ಹೊರಗಿನ ನೀರೇ ಬೇರೆ. ಇವೆರಡರ ಭೇದವನ್ನು ಅರಿಯದವನು ಸ್ಥಳವನ್ನು ಗೊತ್ತುಮಾಡಬಾರದು. ಅರಿಯದ ಊರು ಒಪ್ಪಿಗೆಯನ್ನು ಕೊಡಬಾರದು.

ಒಳಗಿನ ನೀರು ರ‍್ಯಾಕಿನ ಸಣ್ಣ ಕೊಳವೆಗಳಲ್ಲಿ ಹರಿದು, ಕಾವನ್ನು ಹೊತ್ತು, ಶಾಖವಿನಿಮಯದ ಪೆಟ್ಟಿಗೆಗೆ ಬಂದು, ಅಲ್ಲಿ ಕಾವನ್ನು ಇಳಿಸಿ ಮತ್ತೆ ರ‍್ಯಾಕಿಗೆ ಹೋಗುವದು. ಗಾಣದ ಎತ್ತಿನಂತೆ ಇದು ಅಲ್ಲಿಯೇ ಸುತ್ತುವದು. ಇದರ ಮೊತ್ತ ಅಲ್ಪ. ಒಮ್ಮೆ ತುಂಬಿದರೆ ದುರಸ್ತಿಗೋ ಸೋರಿಕೆಗೋ ಅಲ್ಲದೆ ಹೊಸ ನೀರು ಬೇಕಾಗುವದಿಲ್ಲ. ಆದರೆ ಇದು ಬಹು ಶುದ್ಧವಾಗಿರಬೇಕು. ಕೊಳವೆ ಬಾವಿಯ ಗಡಸು ನೀರನ್ನು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿಯ ಕಿಟ್ಟ ಕೂಡುವದನ್ನು ಎಲ್ಲ ಗೃಹಿಣಿಯರೂ ಕಂಡಿರುವರು. ಆ ಕಿಟ್ಟವು ಕೂದಲೆಳೆಯಂಥ ಕಾಲುವೆಗಳುಳ್ಳ ತಾಮ್ರದ ತಟ್ಟೆಯಲ್ಲಿ ಕೂಡಿದರೆ ನೀರಿನ ದಾರಿಯೇ ಮುಚ್ಚುವದು. ಆದುದರಿಂದ ಲವಣಗಳನ್ನು ತೆಗೆದ ನೀರನ್ನು ತುಂಬಿ, ಲೋಹವು ಸವೆಯದಂತೆಯೂ ಪಾಚಿಯು ಬೆಳೆಯದಂತೆಯೂ ತಕ್ಕ ರಸಾಯನಗಳನ್ನು ಕೂಡಿಸುವರು. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನ ದಾರಿಯಲ್ಲಿದ್ದರೆ ಅಲ್ಯೂಮಿನಿಯಮ್ಮು ಕ್ರಮೇಣ ಸವೆದುಹೋಗುವದು. ಅದಕ್ಕಾಗಿ ಕೊಳವೆಗಳ ಲೋಹವನ್ನೂ ಮೊದಲೇ ನಿಶ್ಚಯಿಸತಕ್ಕದ್ದು.

ಹೊರಗಿನ ನೀರಿನ ಮಾತು ಹೀಗಲ್ಲ. ಶಾಖವಿನಿಮಯದ ಪೆಟ್ಟಿಗೆಯಲ್ಲಿ ಇಳಿಸಿದ ಕಾವನ್ನು ಯಾರೋ ಒಬ್ಬರು ಆಕಾಶಕ್ಕೆ ಒಪ್ಪಿಸಲೇಬೇಕು. ಇದಕ್ಕೆ ಬಹುಜನರು ಹಿಡಿಯುವ ಸುಲಭ ಮಾರ್ಗವೆಂದರೆ ಕೂಲಿಂಗ್ ಟವರು. ಅದರಲ್ಲಿ ನೀರನ್ನು ಮೇಲಿನಿಂದ ಹನಿಹನಿಯಾಗಿ ಇಳಿಬಿಟ್ಟು ಗಾಳಿಯನ್ನು ಹಾಯಿಸುವರು. ನೀರಿನ ಒಂದು ಭಾಗ ಉಗಿಯಾಗಿ ಹಾರುವಾಗ ಕಾವನ್ನು ಒಯ್ಯುವದು. ಹೊಸ ಗಡಿಗೆಯಲ್ಲಿ ನೀರು ತಂಪಾಗುವ ನ್ಯಾಯವೇ ಇದು. ಗಡಿಗೆಯ ಮೈಯಿಂದ ಆರಿಹೋದ ನೀರು ಗಡಿಗೆಗೆ ಮರಳುವದಿಲ್ಲ. ಟವರಿನಿಂದ ಹಾರಿದ ನೀರೂ ಕೆರೆಗೆ ಮರಳುವದಿಲ್ಲ.

ಇದರ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಹಾಕಿ ನೋಡಬಹುದು. ಒಂದು ಕಿಲೋವಾಟ್ ತಾಸಿನ ಕಾವನ್ನು ಉಗಿಯ ಮೂಲಕ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಹಾರಬೇಕು. ಒಂದು ಮೆಗಾವಾಟಿನ ಶಾಲೆಯು ತನ್ನ ಕಾವನ್ನೆಲ್ಲ ಹೀಗೆಯೇ ಕಳೆಯುವದಾದರೆ ತಾಸಿಗೆ 1,500 ಲೀಟರ್, ದಿನಕ್ಕೆ 36,000 ಲೀಟರ್ ಆಗುವದು. ಗ್ರಾಮೀಣರಿಗೆ ತಲೆಗೆ ದಿನಕ್ಕೆ 55 ಲೀಟರ್ ನೀರು ಬೇಕೆಂದು ಜಲಜೀವನ ಮಿಷನ್ನಿನಲ್ಲಿ ಗೊತ್ತುಪಡಿಸಿರುವರು. ಆ ಲೆಕ್ಕದಂತೆ 36,000 ಲೀಟರೆಂದರೆ ಸುಮಾರು 650 ಜನರ ಒಂದು ಸಣ್ಣ ಗ್ರಾಮದ ನೀರು. ಶಾಲೆಯು ಹತ್ತು ಮೆಗಾವಾಟಿನದಾದರೆ 6,500 ಜನರ ನೀರು. ಇಷ್ಟಕ್ಕೇ ಮುಗಿಯದು. ನೀರು ಹಾರಿದಂತೆ ಅದರ ಲವಣವು ಹಿಂದುಳಿದು ಗಟ್ಟಿಯಾಗುವದರಿಂದ, ಆ ಉಪ್ಪುನೀರಿನ ಒಂದು ಪಾಲನ್ನು ಆಗಾಗ ಹೊರಕ್ಕೆ ಬಿಟ್ಟು ಹೊಸ ನೀರನ್ನು ಕೂಡಿಸಬೇಕಾಗುವದು. ಹೊರಬಿಟ್ಟ ನೀರಿನಲ್ಲಿ ಲವಣವೂ ರಸಾಯನವೂ ಇರುವದರಿಂದ ಅದನ್ನು ಗದ್ದೆಗೆ ಬಿಡುವಂತಿಲ್ಲ, ಹಳ್ಳಕ್ಕೂ ಬಿಡುವಂತಿಲ್ಲ. ಹೀಗೆ ಹಿರಿಯರ ಎರಡನೆಯ ಪ್ರಶ್ನೆಯಾದ ‘ನೀರು ಎತ್ತ ಹೋಗುವದು’ ಎಂಬದು ಇಲ್ಲಿ ಇಮ್ಮಡಿಯಾಗಿ ನಿಲ್ಲುವದು.

ಬೇರೆ ದಾರಿ ಇಲ್ಲವೆ ಎಂದರೆ, ಉಂಟು. ಮೋಟಾರು ಗಾಡಿಯ ರೇಡಿಯೇಟರಿನಂತೆ, ನೀರನ್ನು ಹಾರಿಸದೆ ಕೊಳವೆಗಳ ಸುರುಳಿಯ ಮೇಲೆ ಗಾಳಿಯನ್ನು ಮಾತ್ರ ಬೀಸಿ ಕಾವನ್ನು ಕಳೆಯುವ ಒಣ ಶೀತಕಗಳು ಇರುತ್ತವೆ. ಇವು ನೀರನ್ನು ಉಣ್ಣುವದಿಲ್ಲ. ಆದರೆ ಹೊರಗಿನ ಗಾಳಿಗಿಂತ ನೀರನ್ನು ಹೆಚ್ಚು ತಂಪುಮಾಡಲಾರವು. ಕೆಲವು ಡಿಗ್ರಿ ಬಿಸಿಯಾಗಿಯೇ ಕೊಡುವವು. ಬೇಸಿಗೆಯ ಅಪರಾಹ್ನದಲ್ಲಿ ಗಾಳಿಯು 38 ಡಿಗ್ರಿಯಾದರೆ ನೀರು 43 ಡಿಗ್ರಿಯಾಗಿ ಬರಬಹುದು. 20 ಡಿಗ್ರಿಯ ತಣ್ಣೀರನ್ನೇ ಬೇಡುವ ಯಂತ್ರಕ್ಕೆ ಇದು ಎಳ್ಳಷ್ಟೂ ಸಾಲದು. 40 ಡಿಗ್ರಿಯ ಬೆಚ್ಚನೀರಿನಿಂದ ತೃಪ್ತವಾಗುವ ಯಂತ್ರಕ್ಕೆ ವರ್ಷದ ಬಹುಭಾಗ ಇದೇ ಸಾಕು. ಬೇಸಿಗೆಯ ಕೆಲವು ತಾಸುಗಳಲ್ಲಿ ಮಾತ್ರ ಸುರುಳಿಯ ಮೇಲೆ ಸ್ವಲ್ಪ ನೀರನ್ನು ಸಿಂಪಡಿಸಿದರೆ ಆಯಿತು. ಒಣ ಶೀತಕಕ್ಕೆ ಜಾಗವು ಹೆಚ್ಚು ಬೇಕು, ಪಂಖಗಳಿಗೆ ವಿದ್ಯುತ್ತು ಹೆಚ್ಚು ಬೇಕು, ಮೊದಲಿನ ವೆಚ್ಚವೂ ಹೆಚ್ಚು. ಆದರೆ ಆ ಹೆಚ್ಚಿನ ವೆಚ್ಚವನ್ನು ಕಟ್ಟಿಸುವವನು ತಾಳುವನು. ಕೆರೆ ಬತ್ತಿದ ವೆಚ್ಚವನ್ನಾದರೋ ಊರು ತಾಳಬೇಕಾಗುವದು. ಯಂತ್ರವನ್ನು ಆರಿಸುವ ದಿನವೇ ಕೆರೆಯ ಭಾಗ್ಯವು ನಿರ್ಣಯವಾಗುವದೆಂಬದನ್ನು ಇದರಿಂದ ತಿಳಿಯಬಹುದು.

ಇನ್ನೊಂದು ದಾರಿಯೂ ಉಂಟು. ಹಾರಿಸಲೇಬೇಕಾದ ನೀರು ಕುಡಿಯುವ ನೀರೇ ಆಗಿರಬೇಕೆಂಬ ವಿಧಿಯೇನೂ ಇಲ್ಲ. ಬೆಂಗಳೂರಿನ ಚರಂಡಿಯ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬುತ್ತಿರುವರು. ಪಟ್ಟಣದ ಬಳಸಿದ ನೀರನ್ನು ಶೋಧಿಸಿ ಯಂತ್ರಗಳ ಟವರಿಗೆ ಕೊಡುವದು ಇದೇ ದಾರಿಯ ಮುಂದಿನ ಹೆಜ್ಜೆಯು.

ಈಗ ಶಾಲೆಯ ಒಳಗಿನ ಏರ್ಪಾಡುಗಳನ್ನು ನೋಡೋಣವಾಗಲಿ. ಮೊದಲನೆಯದು ಬೆವರಿನ ವಿಚಾರ. ಬಾವಿಯ ತಣ್ಣೀರು ತುಂಬಿದ ತಾಮ್ರದ ತಂಬಿಗೆಯು ಮಳೆಗಾಲದಲ್ಲಿ ಹೊರಮೈಯಲ್ಲಿ ಬೆವರುವದು. ಕೋಣೆಯ ಗಾಳಿಯು 27 ಡಿಗ್ರಿಯಿದ್ದು ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ತೇವವಿದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಯಾವ ಕೊಳವೆಯಾದರೂ ಹಾಗೆಯೇ ಬೆವರುವದು. ರ‍್ಯಾಕಿನ ಹಿಂಬಾಗಿಲಿನಲ್ಲಿ ನೀರಿನ ಸುರುಳಿಯನ್ನು ಕೂಡಿಸಿ ಗಾಳಿಯನ್ನು ತಂಪಿಡುವ ಪದ್ಧತಿಯಲ್ಲಿ ತಣ್ಣೀರೇ ಬೇಕಾಗುವದರಿಂದ ಈ ಭಯವು ಹೆಚ್ಚು. ಸಹ್ಯಾದ್ರಿಯ ಸೆರಗಿನಲ್ಲಿದ್ದು ಆಷಾಢ ಶ್ರಾವಣಗಳಲ್ಲಿ ಗೋಡೆಗಳೇ ತೇವಗೊಳ್ಳುವ ಹಾನಗಲ್ಲಿನಂಥ ಸ್ಥಳದಲ್ಲಿ ಆ ತಪ್ಪು ಮೊದಲ ಮಳೆಗಾಲದಲ್ಲಿಯೇ ಬಯಲಿಗೆ ಬೀಳುವದು. ಬೆಚ್ಚನೀರಿನ ಪದ್ಧತಿಯಲ್ಲಿ ಬೆವರಿನ ಭಯವಿಲ್ಲ. ಆದರೂ ಚಿಪ್ಪನ್ನುಳಿದ ಭಾಗಗಳ ಕಾವು ಕೋಣೆಯ ಗಾಳಿಗೆ ಸೇರುವದರಿಂದ, ಅಷ್ಟರ ಮಟ್ಟಿಗೆ ಗಾಳಿಯನ್ನು ತಂಪಿಡುವ ಯಂತ್ರವೂ ಬೇಕೇ ಬೇಕು.

ಎರಡನೆಯದು ನೆಲದ ವಿಚಾರ. ನೀರು ತುಂಬಿದ ರ‍್ಯಾಕು ಒಂದೂವರೆ ಎರಡು ಟನ್ನುಗಳವರೆಗೂ ತೂಗಬಹುದು. ಅಷ್ಟು ಭಾರವು ಸಣ್ಣ ಜಾಗದಲ್ಲಿಯೇ ಇಳಿಯುವದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವದರಿಂದ ಅಂಥ ನೆಲದಲ್ಲಿ ಗಟ್ಟಿಯ ಪದರದವರೆಗೆ ಅಡಿಪಾಯವನ್ನು ಇಳಿಸಬೇಕು. ಕೆರೆಯ ಕೋಡಿಯ ದಾರಿಯಲ್ಲಿಯೂ ಹಳ್ಳದ ಪಾತ್ರದಲ್ಲಿಯೂ ಶಾಲೆಯನ್ನು ಎಂದಿಗೂ ಕಟ್ಟಬಾರದು. ಹತ್ತು ವರ್ಷ ಒಣಗಿದ ಹಳ್ಳವು ಹನ್ನೊಂದನೆಯ ವರ್ಷ ತನ್ನ ದಾರಿಯನ್ನು ಕೇಳುವದು.

ಮೂರನೆಯದು ಸೋರಿಕೆಯ ವಿಚಾರ. ನೀರಿಗೂ ವಿದ್ಯುತ್ತಿಗೂ ಹಾವು ಮುಂಗುಲಿಗಳ ವೈರವಿರುವದು. ನೀರಿನ ಕೊಳವೆಗಳನ್ನು ವಿದ್ಯುತ್ತಿನ ಸಲಕರಣೆಗಳ ಮೇಲೆ ಹಾಯಿಸಬಾರದು. ಒಂದೊಂದು ರ‍್ಯಾಕಿಗೂ ಬೇರೆ ಬೇರೆ ವ್ಯಾಲ್ವುಗಳಿರಬೇಕು. ಒಂದು ಸೋರಿದರೆ ಅದನ್ನು ಮಾತ್ರ ಮುಚ್ಚಿ ಉಳಿದವು ನಡೆಯುವಂತಿರಬೇಕು. ಕೊಳವೆಗಳ ಕೆಳಗೆ ತಟ್ಟೆಯೂ, ಹನಿ ಬಿದ್ದ ಕೂಡಲೆ ಎಚ್ಚರಿಸುವ ತಂತಿಯೂ, ಬಿದ್ದ ನೀರು ಹರಿದುಹೋಗಲು ಇಳಿಜಾರಿನ ಮೋರಿಯೂ ಇರಬೇಕು. ಕೆರೆಗೆ ತೂಬು ಮತ್ತು ಕೋಡಿಗಳು ಹೇಗೋ ಇಲ್ಲಿ ವ್ಯಾಲ್ವು ಮತ್ತು ಮೋರಿಗಳು ಹಾಗೆ. ಕೋಡಿಯಿಲ್ಲದ ಕೆರೆಯ ನೀರು ಏರಿಯನ್ನೇ ಒಡೆಯುವದು.

ನಾಲ್ಕನೆಯದು ವಿದ್ಯುತ್ತು ನಿಂತಾಗಿನ ವಿಚಾರ. ಸರ್ವರುಗಳಿಗೆ ಬ್ಯಾಟರಿಯ ಆಸರೆಯನ್ನು ಎಲ್ಲರೂ ಮಾಡುವರು. ಪಂಪಿಗೆ ಮಾಡಲು ಕೆಲವರು ಮರೆಯುವರು. ವಿದ್ಯುತ್ತು ಹೋದಾಗ ಸರ್ವರು ಬ್ಯಾಟರಿಯ ಮೇಲೆ ನಡೆಯುತ್ತಿದ್ದು ಪಂಪು ನಿಂತರೆ, ಉರಿಯುವ ಒಲೆಯ ಮೇಲಿನ ಬರಿಗಡಿಗೆಯ ಗತಿಯು ಯಂತ್ರಕ್ಕೆ ಒದಗುವದು. ಆದುದರಿಂದ ಪಂಪುಗಳು ಎರಡಿರಬೇಕು. ಎರಡಕ್ಕೂ ಆಸರೆಯ ವಿದ್ಯುತ್ತು ಇರಬೇಕು.

ಐದನೆಯದು ನೋಡಿಕೊಳ್ಳುವವರ ವಿಚಾರ. ಹಿಂದಿನವರು ಕೆರೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಅದರ ಹೂಳೆತ್ತುವದಕ್ಕೂ ಏರಿಯನ್ನು ಬಲಪಡಿಸುವದಕ್ಕೂ ಬಿತ್ತುವಟ್ಟವೆಂದು ಭೂಮಿಯನ್ನೋ ಉತ್ಪನ್ನದ ಪಾಲನ್ನೋ ತೆಗೆದಿರಿಸಿದ ಸಂಗತಿಯು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವದು. ನೀರನ್ನು ಹಂಚಲು ನೀರುಗಂಟಿಯು ಇರುತ್ತಿದ್ದನು. ಗಣಕಶಾಲೆಗೂ ಬಿತ್ತುವಟ್ಟ ಬೇಕು. ನೀರಿನ ಗುಣವನ್ನು ನಿಯತವಾಗಿ ಪರೀಕ್ಷಿಸುವ, ಜರಡಿಗಳನ್ನು ತೊಳೆಯುವ, ಸವೆದ ರಬ್ಬರಿನ ಕೊಳವೆಯನ್ನು ಒಡೆಯುವ ಮೊದಲೇ ಬದಲಿಸುವ ನೀರುಗಂಟಿಯು ಬೇಕು. ಅವನ ಸಂಬಳಕ್ಕೆ ಮೊದಲ ದಿನವೇ ಹಣವನ್ನು ಗೊತ್ತುಮಾಡದ ಯೋಜನೆಯು ಅರ್ಧ ಯೋಜನೆಯು.

ಇಷ್ಟೆಲ್ಲವನ್ನೂ ಹಾನಗಲ್ಲಿನಲ್ಲಿ ಏಕೆ ವಿಚಾರಿಸಬೇಕೆಂದು ಕೆಲವರು ಕೇಳಬಹುದು. ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನು ಎತ್ತಿ ತರಿಸಿಕೊಳ್ಳುವ ನಗರವಾಗಿದೆ. 2024ರ ಬೇಸಿಗೆಯಲ್ಲಿ ಅಲ್ಲಿ ನೀರು ಎಷ್ಟು ಅಭಾವವಾಯಿತೆಂದರೆ, ಕುಡಿಯುವ ನೀರಿನಿಂದ ಗಾಡಿಯನ್ನು ತೊಳೆದವರಿಗೂ ತೋಟಕ್ಕೆ ಹಾಕಿದವರಿಗೂ 5,000 ರೂಪಾಯಿಯ ದಂಡವನ್ನು ಜಲಮಂಡಳಿಯು ಸಾರಬೇಕಾಯಿತು. ಇತ್ತ ರಾಜ್ಯ ಸರಕಾರವು ಡೇಟಾ ಸೆಂಟರುಗಳನ್ನು ಬರಮಾಡಿಕೊಳ್ಳಲು 2022ರಿಂದ 2027ರವರೆಗಿನ ಒಂದು ನೀತಿಯನ್ನು ಪ್ರಕಟಿಸಿರುವದು. ನೀರು ಸಾಲದ ನಗರದಲ್ಲಿ ನೆಲೆ ಸಿಕ್ಕದವರು ನೀರಿದ್ದ ಸೀಮೆಯ ಕಡೆಗೆ ಕಣ್ಣು ಹಾಕುವದು ಸಹಜವಾಗಿದೆ. ಮಳೆಗಾಲದಲ್ಲಿ ತುಂಬಿದ ಕೆರೆಯನ್ನು ಕಂಡವನು ಇಲ್ಲಿ ನೀರಿಗೆ ಬರವಿಲ್ಲವೆಂದು ಬರೆದುಕೊಂಡು ಹೋಗಬಹುದು. ಆದರೆ 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವೆಂಬದನ್ನು ಮರೆಯಲಾಗದು. ನೀರಿನ ಲೆಕ್ಕವನ್ನು ಶ್ರಾವಣದಲ್ಲಿ ಹಾಕಬಾರದು. ಬರದ ವರ್ಷದ ವೈಶಾಖದಲ್ಲಿ ಹಾಕಬೇಕು.

ಆದಕಾರಣ ಇಂಥ ಶಾಲೆಯು ಬೇಡವೇ ಬೇಡವೆಂದು ಹೇಳುವದು ಇಲ್ಲಿಯ ತಾತ್ಪರ್ಯವಲ್ಲ. ಪಹಣಿಯನ್ನೂ ಹಣವನ್ನೂ ಪತ್ರವನ್ನೂ ಯಂತ್ರದ ನೆನಪಿಗೆ ಒಪ್ಪಿಸಿದ ಮೇಲೆ ಆ ಯಂತ್ರವು ಎಲ್ಲಿಯಾದರೂ ಇರಲೇಬೇಕು. ಅದರ ಕಾವು ಎಲ್ಲಿಯಾದರೂ ಇಳಿಯಲೇಬೇಕು. ಅದರಿಂದ ಊರಿಗೆ ವಿದ್ಯುತ್ತಿನ ಒಳ್ಳೆಯ ತಂತಿ, ರಸ್ತೆ, ಕೆಲವರಿಗೆ ಉದ್ಯೋಗ ಇವು ಬಂದರೂ ಬರಬಹುದು. ಆದರೆ ಕಟ್ಟಡವೆದ್ದ ಮೇಲೆ ಇಂಥ ಶಾಲೆಯನ್ನು ನಡೆಸಲು ಬೇಕಾಗುವ ಕೈಗಳು ಕೆಲವೇ ಎಂಬದನ್ನೂ, ಬೇಕಾಗುವ ವಿದ್ಯುತ್ತು ಬಹಳವೆಂಬದನ್ನೂ ಊರವರು ಅರಿತಿರಬೇಕು.

ಯಾವ ಊರಿಗೇ ಆಗಲಿ ಈ ಪ್ರಸ್ತಾಪವು ಬಂದ ದಿನ ಗ್ರಾಮಸಭೆಯು ಕೇಳತಕ್ಕ ಪ್ರಶ್ನೆಗಳು ಕೆಲವೇ. ಬರದ ವರ್ಷದ ವೈಶಾಖದಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು ಬೇಕು? ಅದು ಯಾವ ಮೂಲದ ನೀರು? ಯಂತ್ರವು ತಣ್ಣೀರನ್ನು ಬೇಡುವ ಜಾತಿಯದೋ ಬೆಚ್ಚನೀರಿನಿಂದ ನಡೆಯುವ ಜಾತಿಯದೋ? ಹೊರಬಿಟ್ಟ ಉಪ್ಪುನೀರು ಎಲ್ಲಿಗೆ ಹೋಗುವದು? ಊರಿಗೆ ನೀರು ಸಾಲದಾದ ದಿನ ಮೊದಲು ನಿಲ್ಲುವದು ಯಾವುದು, ಊರ ನಳವೋ, ಶಾಲೆಯ ಟವರೋ? ಇವಕ್ಕೆ ಉತ್ತರವು ಅಂಕಿಗಳಲ್ಲಿಯೂ ಬರಹದಲ್ಲಿಯೂ ಬರಬೇಕು. ‘ನೀರು ಸುತ್ತಿ ಬರುವದು’ ಎಂಬ ಬಾಯಿಮಾತಿಗೆ ಊರು ತಲೆದೂಗಬಾರದು. ಸುತ್ತುವದು ಒಳಗಿನ ನೀರು, ಹಾರುವದು ಹೊರಗಿನ ನೀರು.

ಇಲ್ಲಿ ನೆರೆದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಇಂಥ ಶಾಲೆಗಳನ್ನು ಕಟ್ಟುವ, ನಡೆಸುವ ಕಾಯಕಕ್ಕೆ ಹೋಗುವರು. ದೊಡ್ಡ ನಗರದಲ್ಲಿ ಹುಟ್ಟಿ ನಳವನ್ನು ತಿರುಗಿಸಿದರೆ ನೀರು ಬರುವದೆಂದು ಮಾತ್ರ ಬಲ್ಲವರಿಗಿಂತ, ತೂಬು ಕೋಡಿಗಳನ್ನು ಕಂಡು ಬೆಳೆದ ಈ ಸೀಮೆಯ ಮಕ್ಕಳು ಆ ಕೆಲಸಕ್ಕೆ ಹೆಚ್ಚು ಯೋಗ್ಯರು. ಅವರು ನಕಾಶೆಯ ಮೇಲೆ ಮೊದಲ ಗೆರೆಯನ್ನು ಎಳೆಯುವಾಗ ನೀರು ಬರುವ ದಾರಿಯ ಜೊತೆಗೆ ಹೋಗುವ ದಾರಿಯನ್ನೂ ಬರೆಯಲಿ. ಆ ದಾರಿಯ ಕೊನೆಯಲ್ಲಿ ಯಾರ ಊರು, ಯಾರ ಗದ್ದೆ, ಯಾರ ಕೊಡವಿದೆಯೆಂಬದನ್ನು ನೋಡಿಕೊಂಡು ಮುಂದಿನ ಗೆರೆಯನ್ನು ಎಳೆಯಲಿ.